ನನ್ನ ಓಟು ಬರೆದುಕೊಡಲು ನೀವು ಯಾರು?

ನಾನು ಬೂತಿಗೆ ಹೋಗುವ ಮೊದಲೇ ನನ್ನ ಓಟು ಎಣಿಕೆಯಾಗಿ ಹೋಗಿತ್ತು. ಎಣಿಸಿದವರು ಚುನಾವಣಾ ಅಧಿಕಾರಿಗಳಲ್ಲ, ನಮ್ಮದೇ ಕನ್ನಡದ ಹಿರಿಯರು. ಈ ಗುಡ್ಡದ ಮೇಲೆ ನಮ್ಮ ಮಂದಿ ಓಟು ಇಷ್ಟಿದೆ, ಅಷ್ಟೂ ನಿಮಗೇ ಅಂತ ಒಬ್ಬ ಅಭ್ಯರ್ಥಿಯ ಮುಂದೆ ಲೆಕ್ಕ ಒಪ್ಪಿಸಿ ಬಂದಿದ್ದರು. ಆ ಲೆಕ್ಕದಲ್ಲಿ ನಾನಿದ್ದೆ, ಅಪ್ಪ ಅವ್ವ ಇದ್ದರು, ಪಕ್ಕದ ಖೋಲಿಯ ಅಜ್ಜಿಯೂ ಇದ್ದಳು. ನಮ್ಮಲ್ಲಿ ಯಾರನ್ನೂ ಒಂದು ಮಾತು ಕೇಳಿರಲಿಲ್ಲ. 2026ರ ಜನವರಿ 15ಕ್ಕೆ ಮುಂಬೈ ಪಾಲಿಕೆಯ ಓಟು ಮುಗಿಯಿತು, ಮರುದಿನ ಫಲಿತಾಂಶವೂ ಬಂತು, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ನಮ್ಮ ಮನೆ ಮುಂಬೈಯ ಉಪನಗರ ಭಾಂಡುಪದ ಗುಡ್ಡದ ಮೇಲಿದೆ. ಅಪ್ಪ ಇಂಡಿ ತಾಲೂಕಿನಿಂದ ಹರೆಯದಲ್ಲೇ ಇಲ್ಲಿಗೆ ಬಂದವನು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ನಾನು ಹುಟ್ಟಿದ್ದು ಇಲ್ಲೇ. ಏಳನೇ ತನಕ ಪಾಲಿಕೆಯ ಕನ್ನಡ ಶಾಲೆ, ಆಮೇಲೆ ಇಂಗ್ಲಿಷ್ ಮಾಧ್ಯಮ, ಈಗ ಟಿವೈಬಿಎ, ಅಂದರೆ ಬಿಎ ಮೂರನೇ ವರ್ಷ, ರಾಜ್ಯಶಾಸ್ತ್ರ. ಮನೆಯಲ್ಲಿ ವಿಜಯಪುರದ ಕನ್ನಡ, ಗಲ್ಲಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ. ನಾನು ಯಾರು ಅನ್ನುವುದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಗೊಂದಲ ಇರುವುದೆಲ್ಲ ಬೇರೆಯವರಿಗೆ.

ಕಾಲೇಜಿನಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ, "ತುಝಂ ಗಾವ ಕುಠಲಂ?" ನಿನ್ನ ಊರು ಯಾವುದು ಅಂತ. ಭಾಂಡುಪ ಅಂದರೆ ಸಾಲದು. ಅದು ಬಿಡು, ಮೂಲ ಊರು ಹೇಳು ಅನ್ನುತ್ತಾರೆ. ಇಂಡಿ ಅಂದ ಕೂಡಲೇ ಒಂದು ಕಡೆಗೆ ತಳ್ಳಿ ಇಟ್ಟ ಹಾಗೆ. ಸುಮ್ಮನಿದ್ದ ದಿನಗಳಲ್ಲಿ ಅದು ತಮಾಷೆಯಾಗಿ ಕಳೆಯುತ್ತದೆ. ಬೆಳಗಾವಿ ಜಗಳ ಎದ್ದಾಗ ಹಾಗಲ್ಲ. 2022ರ ಡಿಸೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಬಸ್ಸುಗಳಿಗೆ ಮಸಿ ಬಳಿದರಲ್ಲ, ಆಗ ಕ್ಲಾಸಿನಲ್ಲಿ ನನ್ನನ್ನು ಕೇಳಿದರು, "ನೀನು ಯಾರ ಕಡೆ?" ನಾನು ಬಸ್ಸಿನ ಕಡೆ. ಅಜ್ಜಿಯನ್ನು ನೋಡಲು ಊರಿಗೆ ಹೋಗಬೇಕಾದವಳು ನಾನು, ಬಸ್ ನಿಂತರೆ ನಷ್ಟ ನನ್ನದು. ಅಲ್ಲಿ ಊರಿಗೆ ಹೋದರೆ ಚಿಕ್ಕಮ್ಮನ ಮಕ್ಕಳು "ನೀವು ಮುಂಬೈಯವರು ಮರಾಠಿ ಆಗೀರಿ ಬಿಡು" ಅನ್ನುತ್ತಾರೆ. ಎರಡೂ ಕಡೆ ನನ್ನಿಂದ ಸರ್ಟಿಫಿಕೇಟು ಬೇಕು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ನಮ್ಮವರೇ ಮಾಡಿದ್ದು.

ಚುನಾವಣೆಗೆ ಸ್ವಲ್ಪ ದಿನ ಮೊದಲು ನಮ್ಮ ಕಡೆಯ ಹಿರಿಯರು ಒಂದು ಸಭೆ ಕರೆದರು. ಕನ್ನಡಿಗರ ಸಮಸ್ಯೆ ಬಗ್ಗೆ ಮಾತುಕತೆ ಅಂದರು. ನಾನು ನಿಜವಾಗಿಯೂ ಖುಷಿಯಿಂದ ಹೋಗಿದ್ದೆ. ಯಾಕೆ ಅಂದರೆ ಮಾತಾಡಲು ವಿಷಯ ಬೆಟ್ಟದಷ್ಟಿತ್ತು. 2017ರಲ್ಲಿ ಆರಿಸಿ ಬಂದವರ ಅವಧಿ 2022ರ ಮಾರ್ಚಿಗೇ ಮುಗಿದಿತ್ತು. ಅಲ್ಲಿಂದ ಈ ಚುನಾವಣೆಯ ತನಕ ಇಡೀ ಮುಂಬೈಗೆ ಒಬ್ಬ ನಗರಸೇವಕ, ಅಂದರೆ ಪಾಲಿಕೆ ಸದಸ್ಯ ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ. 227 ವಾರ್ಡುಗಳ ಜನ ನಳದಲ್ಲಿ ನೀರು ಬರದಿದ್ದರೆ, ಗಟಾರ ತುಂಬಿದರೆ ಯಾರ ಬಾಗಿಲು ತಟ್ಟಬೇಕಿತ್ತು? ಗುಡ್ಡದ ಮೇಲಿನವರಿಗೆ ನೀರಿನ ಒತ್ತಡ ಮೊದಲೇ ಕಡಿಮೆ. ಅವ್ವ ಎದ್ದು ಡ್ರಮ್ಮು ತುಂಬುವ ಹೊತ್ತಿಗೆ ನಾನಿನ್ನೂ ಹೊರಳಾಡುತ್ತಿರುತ್ತೇನೆ. ಅಷ್ಟು ವರ್ಷಗಳ ನಂತರ ಓಟು ಬಂದಿದೆ, ಈಗಲಾದರೂ ಇದನ್ನೆಲ್ಲ ಕೇಳಬಹುದು ಅಂದುಕೊಂಡಿದ್ದೆ.

ಸಭೆಯಲ್ಲಿ ನೀರಿನ ಮಾತೇ ಬರಲಿಲ್ಲ. ಮತದಾರರ ಪಟ್ಟಿಯ ಪ್ರಿಂಟು ಇತ್ತು. ಅದರಲ್ಲಿ ಅಡ್ಡಹೆಸರು ನೋಡಿ ನೋಡಿ ಪೆನ್ನಿನಲ್ಲಿ ಗುರುತು ಹಾಕಿದ್ದರು. ಕನ್ನಡದವರು ಅಂತ ಒಂದು ಗುರುತು, ಕನ್ನಡದವರಲ್ಲಿ ಯಾವ ಜಾತಿ ಅಂತ ಇನ್ನೊಂದು ಗುರುತು. ನನ್ನ ಹೆಸರಿನ ಮುಂದೆಯೂ ಇತ್ತು. ಅಭ್ಯರ್ಥಿಯ ಕಡೆಯವನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಒಟ್ಟು ಎಷ್ಟು ಅಂತ ಕೇಳಿದ. ಸಂತೆಯಲ್ಲಿ ಕುರಿ ಎಣಿಸಿ ಕೊಡುವ ಹಾಗೆ ಇವರು ಒಂದು ಸಂಖ್ಯೆ ಹೇಳಿದರು. ನಾನು ಎದ್ದು, "ಕಾಕಾ, ನಾ ಇನ್ನೂ ಯಾರಿಗೆ ಹಾಕೂದಂತ ವಿಚಾರನ ಮಾಡಿಲ್ಲ" ಅಂದೆ. ಅವರು ನನ್ನ ಮುಖ ಕೂಡ ನೋಡಲಿಲ್ಲ. ಅವನ ಕಡೆ ತಿರುಗಿ, "ನಮ್ಮ ಹುಡುಗೀನೇ ಇಕಿ, ಅವರಪ್ಪ ನಮ್ಮ ಮಾತು ಮೀರಾವಲ್ಲ" ಅಂದರು.

ಅಂದರೆ ನನ್ನ ಓಟು ಅಪ್ಪನದ್ದು, ಅಪ್ಪನ ಓಟು ಅವರದ್ದು. ಇದು ಯಾವ ಕಾನೂನಿನಲ್ಲಿದೆ?

ನಾನು ಓದುವುದೇ ಈ ವಿಷಯ, ಅದಕ್ಕೆ ಇನ್ನೂ ಜಾಸ್ತಿ ಉರಿಯುತ್ತದೆ. ಸಂವಿಧಾನದ 325ನೇ ವಿಧಿ ಏನು ಹೇಳುತ್ತದೆ? ಒಂದು ಕ್ಷೇತ್ರಕ್ಕೆ ಒಂದೇ ಸಾಮಾನ್ಯ ಮತದಾರರ ಪಟ್ಟಿ, ಧರ್ಮ ಜಾತಿ ಲಿಂಗ ನೋಡಿ ಯಾರನ್ನೂ ಅದರಿಂದ ಹೊರಗೆ ಇಡುವಂತಿಲ್ಲ. ಬ್ರಿಟಿಷರ ಕಾಲದಲ್ಲಿ ಧರ್ಮಕ್ಕೊಂದು ಬೇರೆ ಮತದಾರರ ಪಟ್ಟಿ ಇತ್ತು, ಅದು ಬೇಡ ಅಂತಲೇ ಈ ಒಂದೇ ಪಟ್ಟಿ. ಸರ್ಕಾರ ಒಂದು ಮಾಡಿ ಕೊಟ್ಟ ಪಟ್ಟಿಯನ್ನು ನಮ್ಮ ಹಿರಿಯರು ಪೆನ್ನು ಹಿಡಿದು ಮತ್ತೆ ಚೂರು ಚೂರು ಮಾಡಿದರು. 1988ರಲ್ಲಿ 61ನೇ ತಿದ್ದುಪಡಿ ತಂದು ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ನನ್ನಂಥವರು ಸ್ವಂತ ಯೋಚನೆ ಮಾಡಬಲ್ಲರು ಅನ್ನುವ ನಂಬಿಕೆಯಿಂದ. ಕಾಕಾನ ಲೆಕ್ಕ ತುಂಬಿಸಲಿ ಅಂತ ಅಲ್ಲ.

ನಮ್ಮ ಮುಂಬೈನದೇ ಒಂದು ಮೊಕದ್ದಮೆ ಇದೆ. ಸಾಂತಾಕ್ರೂಜ್ ಕ್ಷೇತ್ರದ 1990ರ ವಿಧಾನಸಭೆ ಚುನಾವಣೆಯಿಂದ ಶುರುವಾದದ್ದು, ಅಭಿರಾಮ್ ಸಿಂಗ್ ಪ್ರಕರಣ ಅನ್ನುತ್ತಾರೆ. ಅದು ಎಳೆದು ಎಳೆದು 2017ರ ಜನವರಿ 2ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ತೀರ್ಮಾನವಾಯಿತು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳುವಂತಿಲ್ಲ, ಅಭ್ಯರ್ಥಿಯ ಜಾತಿ ಭಾಷೆ ಮಾತ್ರ ಅಲ್ಲ, ಮತದಾರರ ಜಾತಿ ಭಾಷೆ ಹಿಡಿದು ಕೇಳುವುದೂ ಭ್ರಷ್ಟ ನಡೆ ಅಂತ ನಾಲ್ವರು ಹೇಳಿದರು. ಆ ತೀರ್ಪು ಲೋಕಸಭೆ ವಿಧಾನಸಭೆಗಳ ಕಾನೂನಿಗೆ ಸೇರಿದ್ದು, ಪಾಲಿಕೆಗೆ ಬೇರೆ ಕಾನೂನು ಇದೆ, ಗೊತ್ತು. ಆದರೆ ಆ ಸಭೆಯಲ್ಲಿ ನಾನು ನೋಡಿದ್ದು ಅದೇ ಅಲ್ವಾ? ಮತದಾರಳ ಭಾಷೆ ನೋಡಿ ಓಟು ಕೇಳಿದ್ದೂ ಅಲ್ಲ, ಕೇಳದೇ ತೆಗೆದುಕೊಂಡದ್ದು!

ಉಳಿದ ಮೂವರು ನ್ಯಾಯಮೂರ್ತಿಗಳು ಬೇರೆ ಹೇಳಿದ್ದರು. ಜಾತಿ, ಭಾಷೆಯ ಕಾರಣಕ್ಕೆ ಜನರಿಗೆ ಅನ್ಯಾಯ ಆಗಿದ್ದರೆ ಚುನಾವಣೆಯಲ್ಲಿ ಅದನ್ನು ಮಾತಾಡಬೇಡಿ ಅನ್ನುವುದು ಹೇಗೆ ಸರಿ ಅಂತ ಅವರ ಪ್ರಶ್ನೆ. ಕ್ಲಾಸಿನಲ್ಲಿ ಇದರ ಚರ್ಚೆ ಆದಾಗ ನಾನು ಈ ಮೂವರ ಪರವಾಗಿ ವಾದ ಮಾಡಿದವಳು. ಈಗಲೂ ಅದೇ ಮಾತು. ಕನ್ನಡದ ಮಾತು ಬೇಡ ಅಂತ ನಾನು ಎಲ್ಲೂ ಹೇಳುತ್ತಿಲ್ಲ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ನಾನು ಅ ಆ ಕಲಿತದ್ದು ಅಲ್ಲೇ. ಇಂಥ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಮುಚ್ಚಿದರೆ ನಾಕಾ ಮೇಲೆ ಕೂಲಿಗೆ ನಿಲ್ಲುವ ಕಲಬುರಗಿ, ಯಾದಗಿರಿ ಕಡೆಯವರ ಮಕ್ಕಳು ಎಲ್ಲಿ ಹೋಗಬೇಕು? ಅವರಿಗೆ ಖಾಸಗಿ ಶಾಲೆಯ ಫೀ ಕಟ್ಟಲು ಆಗುತ್ತದೆಯೇ? ಇದನ್ನು ಅಭ್ಯರ್ಥಿಯ ಮುಂದೆ ಇಡಬೇಕಿತ್ತು. ಎದುರಾಳಿಯ ಮುಂದೆಯೂ ಇಡಬೇಕಿತ್ತು. ಯಾರು ಒಪ್ಪುತ್ತಾರೋ ನೋಡಿ ನಮ್ಮ ನಮ್ಮ ತೀರ್ಮಾನ ನಾವು ಮಾಡುತ್ತಿದ್ದೆವು. ಹಿರಿಯರು ಕೇಳಿಕೊಂಡದ್ದು ಏನು ಗೊತ್ತಾ? ವಾರ್ಷಿಕೋತ್ಸವಕ್ಕೆ ಹಾಲ್, ಪೆಂಡಾಲಿನ ಖರ್ಚು, ವೇದಿಕೆಯ ಮೇಲೆ ಕುರ್ಚಿ. ಕನ್ನಡಕ್ಕಾಗಿ ಏನೂ ಕೇಳದವರು ಕನ್ನಡದ ಹೆಸರಲ್ಲಿ ನನ್ನ ಓಟು ಹಿಡಿದುಕೊಟ್ಟರು. ನನಗೆ ಹೊಟ್ಟೆ ಉರಿದದ್ದು ಇದಕ್ಕೆ.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಸಮಾಧಾನ ಮಾಡಿದ. ಹಿಂದೆ ನಮ್ಮವರು ಪಟ್ಟ ಕಷ್ಟ ನಿನಗೆ ಗೊತ್ತಿಲ್ಲ ಅಂದ. ಗೊತ್ತಿದೆ. 1966ರಲ್ಲಿ ಶಿವಸೇನೆ ಹುಟ್ಟಿದ ನಂತರದ ದಿನಗಳಲ್ಲಿ ಇಲ್ಲಿ ದಕ್ಷಿಣದವರ ವಿರುದ್ಧ ಘೋಷಣೆ ಕೂಗಿದ್ದು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದು ನಾನೂ ಓದಿದ್ದೇನೆ. ಆಗ ಒಗ್ಗಟ್ಟಾಗಿ ನಿಂತಿದ್ದಕ್ಕೆ ಬದುಕಿದೆವು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಭಯ ಸುಳ್ಳಲ್ಲ. ಈಗಲೂ ಭಾಷೆಯ ಹೆಸರಿನಲ್ಲಿ ಕೈ ಎತ್ತುವವರು ಇದ್ದಾರೆ, 2025ರಲ್ಲಿ ಮೀರಾ ರೋಡಿನಲ್ಲಿ ಅಂಗಡಿಯವನಿಗೆ ಹೊಡೆದದ್ದನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದೇವೆ. ಆದರೆ ನಮ್ಮ ಭಯವನ್ನೇ ಬಂಡವಾಳ ಮಾಡಿಕೊಂಡು ಯಾರೋ ನಾಲ್ಕು ಜನ ವೇದಿಕೆ ಹತ್ತುವುದಾದರೆ ಅದನ್ನು ಒಗ್ಗಟ್ಟು ಅಂತ ನಾನು ಕರೆಯಲಾರೆ ಅಪ್ಪಾ.

ಓಟಿನ ನಂತರ ಇನ್ನೊಂದು ಕಥೆ. ಎಣಿಕೆ ಕೇಂದ್ರದಲ್ಲಿ ಏಜೆಂಟರು ಒಂದೊಂದು ಯಂತ್ರದ ಅಂಕಿಯನ್ನೂ ಬರೆದುಕೊಳ್ಳುತ್ತಾರೆ. ಯಾವ ಯಂತ್ರ ಯಾವ ಬೂತಿನದ್ದು ಅಂತ ಗೊತ್ತೇ ಇರುತ್ತದೆ. ಅಲ್ಲಿಗೆ ಯಾವ ಗಲ್ಲಿ ಯಾರಿಗೆ ಎಷ್ಟು ಹಾಕಿತು ಅನ್ನುವುದು ಬಯಲು. ನಮ್ಮ ಬೂತಿನಲ್ಲಿ ಇವರು ಕೊಟ್ಟ ಮಾತಿನಷ್ಟು ಓಟು ಬಿದ್ದಿರಲಿಲ್ಲ. ಅದಕ್ಕೆ ಮನೆ ಮನೆಗೆ ಬಂದು, "ನಮ್ಮ ಮರ್ಯಾದೆ ತೆಗದ್ರಿ" ಅಂತ ಹೇಳಿ ಹೋದರು. ಪಕ್ಕದ ಅಜ್ಜಿ ಹೆದರಿ, ನೀವು ಹೇಳಿದವರಿಗೇ ಹಾಕಿದ್ದೆ ಅಂತ ಆಣೆ ಮಾಡಿದಳು. ಇದು ಗುಪ್ತ ಮತದಾನ ಹೇಗಾಗುತ್ತದೆ? ಒಬ್ಬರ ಓಟು ಗುಟ್ಟಾಗಿದೆ, ಗಲ್ಲಿಯ ಓಟು ಗುಟ್ಟಾಗಿಲ್ಲ. ಚೀಟಿಯ ಕಾಲದಲ್ಲಿ ಬೇರೆ ಬೇರೆ ಬೂತಿನ ಮತಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹಲವು ಯಂತ್ರಗಳ ಲೆಕ್ಕ ಕೂಡಿಸಿ ಒಟ್ಟು ಮಾತ್ರ ತೋರಿಸುವ ಟೋಟಲೈಸರ್ ತನ್ನಿ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಇವತ್ತಿಗೂ ಬಂದಿಲ್ಲ. ಯಾಕೆ ಬರುತ್ತದೆ? ಬೂತಿನ ಲೆಕ್ಕ ಸಿಗದಿದ್ದರೆ ನಮ್ಮನ್ನು ಗುತ್ತಿಗೆ ಹಿಡಿಯುವವರ ವ್ಯಾಪಾರ ನಡೆಯಬೇಡವೇ?

ಅವ್ವನದ್ದಂತೂ ಇನ್ನೊಂದು ಲೆಕ್ಕ. ಅವಳನ್ನು ಕನ್ನಡದವಳು ಅಂತಲೂ ಎಣಿಸಿದರು, ಇಂಥವನ ಹೆಂಡತಿ ಅಂತಲೂ ಎಣಿಸಿದರು. ಮೇಲೆ ಸರ್ಕಾರದ ಲಾಡಕಿ ಬಹೀಣ ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿ ಖಾತೆಗೆ ಬರುತ್ತದಲ್ಲ, ಅದರ ಲೆಕ್ಕದಲ್ಲಿ ಮತ್ತೊಬ್ಬರು ಎಣಿಸಿದರು. ಅವಳಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ನಾನು ಕೇಳಿದೆ. ಬೆಳಿಗ್ಗೆ ಒಂದು ತಾಸು ಜಾಸ್ತಿ ನೀರು, ರಾತ್ರಿ ಹೋಗಲು ದೀಪ ಇರುವ ಶೌಚಾಲಯ. ಅಷ್ಟೇ ಹೇಳಿದಳು. ಯಾರಿಗೆ ಹಾಕಿದಳೋ ನನಗೂ ಹೇಳಿಲ್ಲ, ನಾನೂ ಕೇಳಿಲ್ಲ.

ಇದೆಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಊರಿನಿಂದ ಮಾಮಾನ ಫೋನು. ಅಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬರಲಿದೆ, ಕಳೆದ ಸಲ ಆದದ್ದು 2020ರ ಡಿಸೆಂಬರಿನಲ್ಲಿ. ಈ ಸಲ ಅವನು ನಿಲ್ಲುತ್ತಾನಂತೆ. "ನಿಮ್ಮ ಮೂರೂ ಮಂದಿ ಹೆಸರ ಊರಾಗೂ ಹಚ್ಚಸ್ತೀನಿ, ಗಾಡಿ ಕಳಸ್ತೀನಿ, ಬಂದು ಹಾಕಿ ಹೋಗ್ರಿ" ಅಂದ. ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ ಮಾಮಾ, 1950ರ ಜನಪ್ರತಿನಿಧಿ ಕಾಯ್ದೆಯ 17ನೇ ಕಲಮಿನಲ್ಲೇ ಇದೆ, ಸುಳ್ಳು ಬರೆದುಕೊಟ್ಟರೆ ಒಂದು ವರ್ಷದ ತನಕ ಜೈಲು ಅಂದೆ. ಅದಕ್ಕೆ, "ಮುಂಬೈ ನೀರು ಕುಡದು ಊರು ಮರ್ತಿ" ಅಂದ. ನಾನು ಊರು ಮರೆತಿಲ್ಲ. ಇಲ್ಲಿ ಇರುತ್ತೇನೆ, ಇಲ್ಲಿನ ಲೋಕಲ್ಲಿನಲ್ಲಿ ನೇತಾಡುತ್ತೇನೆ, ಇಲ್ಲಿನ ಗಟಾರ ದಾಟುತ್ತೇನೆ, ಆದ್ದರಿಂದ ಇಲ್ಲಿ ಓಟು ಹಾಕುತ್ತೇನೆ. 2024ರ ಮೇ 20ಕ್ಕೆ ಲೋಕಸಭೆಗೆ ಹಾಕಿದೆ, ಅದೇ ನವೆಂಬರ್ 20ಕ್ಕೆ ವಿಧಾನಸಭೆಗೆ ಹಾಕಿದೆ, ಈಗ ಪಾಲಿಕೆಗೂ ಹಾಕಿದೆ. ಇದರಿಂದ ನಾನು ಇಂಡಿಯವಳಲ್ಲ ಅಂತ ಆಗುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ಭಾಂಡುಪದವಳಲ್ಲ ಅಂತಲೂ ಆಗುವುದಿಲ್ಲ.

ಕಾಕಾ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು, ನಿಮ್ಮ ಮಗ ತೋರಿಸುತ್ತಾನೆ. ನಾನು ಯಾರಿಗೆ ಓಟು ಹಾಕಿದೆ ಅಂತ ಅಪ್ಪನನ್ನು ಕೇಳುವುದನ್ನು ನಿಲ್ಲಿಸಿ, ಅವನಿಗೆ ಗೊತ್ತಿಲ್ಲ. ಅಜ್ಜಿಯ ಮನೆಗೆ ಹೋಗಿ ಆಣೆ ಮಾಡಿಸಿದ್ದಕ್ಕೆ ಕ್ಷಮೆ ಕೇಳಿ. ಮತ್ತೆ ನಿಜವಾಗಿಯೂ ಕನ್ನಡದ ಕೆಲಸ ಮಾಡುವ ಮನಸ್ಸಿದ್ದರೆ ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ನಾಕಾಕ್ಕೆ ಬನ್ನಿ. ಅಲ್ಲಿನ ತಾಯಂದಿರ ಹತ್ತಿರ ಮಾತಾಡಿ ಮಕ್ಕಳ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಬರೆಸೋಣ. ಪೆನ್ನು ನೀವೇ ತನ್ನಿ, ನಾನು ಬರುತ್ತೇನೆ.