ರಾತ್ರಿ ಹನ್ನೊಂದಕ್ಕೆ ಹನ್ನೆರಡು ಗ್ರಾಂ ಬಾಕಿ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗ "ಊಟ ಆಯ್ತಾ?" ಅಂತ ಯಾರೂ ಕೇಳುವುದಿಲ್ಲ. "ಪ್ರೊಟೀನ್ ಮುಗೀತಾ?" ಅಂತ ಕೇಳುತ್ತಾರೆ. ಮುಗಿದಿಲ್ಲವೆಂದರೆ ಮನೆಗೆ ಸೂತಕದ ಕಳೆ. ರಾತ್ರಿ ಹನ್ನೊಂದಾಗಿದೆ, ಕುಕ್ಕರ್ ತೊಳೆದು ಬೋರಲು ಹಾಕಿದೆ, ಗ್ಯಾಸಿನ ನಾಬು ತಿರುಗಿಸಿ ಆಗಿದೆ. ಅಷ್ಟರಲ್ಲಿ ಮಗರಾಯ ಮೊಬೈಲು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷ. "ಅಮ್ಮಾ, ಪ್ರೊಟೀನ್ ಇನ್ನೂ 12 ಗ್ರಾಂ ಬಾಕಿ. ಕೊಬ್ಬು 2 ಗ್ರಾಂ ಮಾತ್ರ ಉಳಿದಿದೆ. ಕಾರ್ಬ್ ಸೊನ್ನೆ. ಇದಕ್ಕೆ ಏನಾದ್ರೂ ಮಾಡ್ಕೊಡ್ತೀಯಾ?"

ಹಸಿದವನಿಗೆ ಏನು ಮಾಡಿಕೊಡಬೇಕೆಂದು ಆ ತಾಯಿಗೆ ಗೊತ್ತು. ಹಸಿವೇ ಇಲ್ಲದ 12 ಗ್ರಾಂಗೆ ಏನು ಮಾಡಿಕೊಡಬೇಕೆಂದು ಪಾಪ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಪ್ರೊಟೀನ್, ಕೊಬ್ಬು, ಕಾರ್ಬ್ (ಪಿಷ್ಟ, ಸಕ್ಕರೆ) ಈ ಮೂರಕ್ಕೂ ದಿನದ ಗುರಿ ಹಾಕಿ, ತಿಂದದ್ದನ್ನು ಕಳೆಯುತ್ತ ಹೋಗುವ ಮೊಬೈಲಿನ ಆ್ಯಪ್‌ಗೆ ಮಾತ್ರ ಎಲ್ಲ ಗೊತ್ತು. ಉಳಿಕೆಗೆ ಹೊಂದುವ ರೆಸಿಪಿ ಹುಡುಕಿಕೊಡುವ ಗುಂಡಿಯೊಂದು ಅದರಲ್ಲಿದೆ. ಒತ್ತಿದರೆ ಬಂತು ಉತ್ತರ: ಮೂರೂಕಾಲು ಮೊಟ್ಟೆಯ ಬಿಳಿಭಾಗ, ಒಂದು ಹಿಡಿ ಪಾಲಕ್, ಎಣ್ಣೆ ಬೇಡ. ನಾಲ್ಕನೇ ಮೊಟ್ಟೆಯ ಮುಕ್ಕಾಲು ಭಾಗವನ್ನು ಯಾರ ತಲೆಗೆ ಹಚ್ಚಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಅವತ್ತು ಏಕಾದಶಿ ಅನ್ನುವುದೂ ಅದಕ್ಕೆ ಗೊತ್ತಿರಲಿಲ್ಲ.

ಇದು ಸರ್ಕಾರಿ ಇಲಾಖೆಯ ಮಾರ್ಚ್ 31ರ ವ್ಯವಹಾರ. ಅನುದಾನ ವಾಪಸ್ ಹೋಗಿಬಿಡುತ್ತದೆಂದು ಮಧ್ಯರಾತ್ರಿ ಬೇಡದ ಕುರ್ಚಿಗೆ ಆರ್ಡರ್ ಹಾಕುತ್ತಾರಲ್ಲ, ಅದೇ. ವ್ಯತ್ಯಾಸವೆಂದರೆ ಇಲಾಖೆಗೆ ವರ್ಷಕ್ಕೊಮ್ಮೆ ಮಾರ್ಚ್, ಇವರಿಗೆ ಪ್ರತಿ ರಾತ್ರಿ.

ಲೆಕ್ಕ ತಪ್ಪೆಂದು ಯಾರೂ ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯವರು ಅನ್ನ ಅಳೆದು ತಿನ್ನಲಿ, ಪೈಲ್ವಾನರು ಮೊಟ್ಟೆ ಎಣಿಸಲಿ. ನನ್ನ ತಕರಾರು ದಶಾಂಶದ ಮೇಲೆ. 437.6 ಕ್ಯಾಲರಿ ಅನ್ನುತ್ತಾರೆ. ಆ ಆರು ಎಲ್ಲಿಂದ ಬಂತು? ಇಡೀ ಲೆಕ್ಕ ನಿಂತಿರುವುದು ಮೂರು ದುಂಡು ಸಂಖ್ಯೆಗಳ ಮೇಲೆ: ಗ್ರಾಂ ಪ್ರೊಟೀನಿಗೆ 4, ಕಾರ್ಬಿಗೆ 4, ಕೊಬ್ಬಿಗೆ 9. ಅಮೆರಿಕದ ವಿಲ್ಬರ್ ಅಟ್‌ವಾಟರ್ ಎಂಬಾತ 19ನೇ ಶತಮಾನದ ಕೊನೆಯಲ್ಲಿ ಮನುಷ್ಯರನ್ನು ಸಣ್ಣ ಕೋಣೆಯಂಥ ಪೆಟ್ಟಿಗೆಯೊಳಗೆ ಕೂರಿಸಿ, ತಿಂದದ್ದು, ವಿಸರ್ಜಿಸಿದ್ದು, ಮೈಯಿಂದ ಹೊರಟ ಶಾಖ ಎಲ್ಲ ಅಳೆದ. ಅವನ ಕೆಲಸದಿಂದ ಬಂದ ಸರಾಸರಿಗಳಿವು. ಸರಾಸರಿಯೆಂದು ಅವನಿಗೆ ಗೊತ್ತಿತ್ತು, ನಮಗೆ ಮರೆತಿದೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯವರೇ ಬಾದಾಮಿಯನ್ನು ಜನರಿಗೆ ತಿನ್ನಿಸಿ ನೋಡಿದರು. ಲೆಕ್ಕದ ಪ್ರಕಾರ 28 ಗ್ರಾಂಗೆ ಸುಮಾರು 170 ಕ್ಯಾಲರಿ ಬರಬೇಕು, ದೇಹಕ್ಕೆ ದಕ್ಕಿದ್ದು 129. ಉಳಿದದ್ದು ಜೀರ್ಣವಾಗದೆ ಹೊರಗೆ ಹೋಯಿತು. ಬಾದಾಮಿಯೇ ಹೀಗೆ ನಲವತ್ತು ನುಂಗಿ ಹಾಕುವಾಗ ನಮ್ಮ ಹುಡುಗರು ಕರಿಬೇವಿನ ಎಲೆ ಎಣಿಸುತ್ತಾರೆ.

ಇನ್ನು ಆ್ಯಪಿನೊಳಗಿನ ಹುಡುಕಾಟದ ಕಥೆ. ನೀರುದೋಸೆ ಎಂದು ಕೊಟ್ಟರೆ ಒಂದರ ಕೆಳಗೊಂದು ಸಾಲು. ಒಂದರಲ್ಲಿ 38 ಕ್ಯಾಲರಿ, ಇನ್ನೊಂದರಲ್ಲಿ 90, ಮತ್ತೊಂದರಲ್ಲಿ 210. ಮೂರೂ "ಒಂದು ದೋಸೆ". ಇವನ್ನೆಲ್ಲ ತುಂಬಿದವರು ನಮ್ಮ ನಿಮ್ಮಂಥ ಪುಣ್ಯಾತ್ಮರೇ, ಯಾರೋ ಎಲ್ಲೋ ಕೂತು ಅಂದಾಜಿಗೆ ಬಡಿದದ್ದು. ಜೋಳದ ರೊಟ್ಟಿಯ ಅಳತೆ "1 ಕಪ್" ಎಂದಿದೆ. ರೊಟ್ಟಿಯನ್ನು ಕಪ್ಪಿಗೆ ತುಂಬಬೇಕಾದರೆ ಸೊಲ್ಲಾಪುರದ ಕಡಕ್ ರೊಟ್ಟಿಯೇ ಆಗಬೇಕು, ಮುರಿದು ಪುಡಿಮಾಡಿಕೊಳ್ಳಬಹುದು. ಜನ ಮಾತ್ರ ಜಾಣರು. ಕ್ಯಾಲರಿ ನೋಡುವಾಗ ಎಲ್ಲಕ್ಕಿಂತ ಸಣ್ಣ ಸಂಖ್ಯೆಯ ಸಾಲನ್ನೂ ಪ್ರೊಟೀನ್ ನೋಡುವಾಗ ಎಲ್ಲಕ್ಕಿಂತ ದೊಡ್ಡದನ್ನೂ ಆರಿಸುತ್ತಾರೆ. ಬೆವರು ಹರಿಸದೆ ತೂಕ ಇಳಿಸುವ ದಾರಿ ಇದೊಂದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳ ಕೋಷ್ಟಕ ಹೊರತಂದಿದೆ. ತೊಗರಿಬೇಳೆ ಇದೆ, ರಾಗಿ ಇದೆ, ತೆಂಗಿನಕಾಯಿ ಇದೆ. ಆದರೆ ಅವೆಲ್ಲ ಅಂಗಡಿಯಿಂದ ತಂದ ಹಾಗೆಯೇ ಇರುವ ಪದಾರ್ಥಗಳು. ಬೇಳೆ ಹುಳಿಯಾಗುವುದು ಅಮ್ಮನ ಪಾತ್ರೆಯಲ್ಲಿ, ಅಲ್ಲಿಗೆ ಹೈದರಾಬಾದಿನವರು ಬಂದಿಲ್ಲ. ಆದ್ದರಿಂದ ಮಗ ತಾನೇ ಅಳೆಯಲು ಹೊರಟ.

ಎಷ್ಟು ಬೇಳೆ? ಒಂದು ಲೋಟ. ಯಾವ ಲೋಟ? ಮದುವೆಯಲ್ಲಿ ಬಳುವಳಿ ಬಂದದ್ದು, ಅಂಚು ಸ್ವಲ್ಪ ನೆಗ್ಗಿದೆ. ಕಾಯಿ? ಅರ್ಧ ಹೋಳು. ಬೆಲ್ಲ? ಚೂರು. ಎಣ್ಣೆ? "ಒಗ್ಗರಣೆಗೆ ಎಷ್ಟು ಬೇಕೋ ಅಷ್ಟು, ಅದನ್ನೂ ಕೇಳ್ತಾರಾ?" ಮಗ ತಕ್ಕಡಿ ತಂದಿಟ್ಟ. ಮೊದಲು ಖಾಲಿ ಪಾತ್ರೆ ತೂಗಬೇಕಿತ್ತು, ಹುಳಿ ಆಗಲೇ ಕುದಿಯುತ್ತಿತ್ತು. ಸರಿ, ಇನ್ನೊಂದು ಪಾತ್ರೆಗೆ ಬಗ್ಗಿಸಿ, ಇದನ್ನು ತೊಳೆದು, ಒರೆಸಿ, ತೂಗಿ, ಮತ್ತೆ ಇದಕ್ಕೇ ಬಗ್ಗಿಸಿ ತೂಗಿದ್ದಾಯಿತು. ಅಲ್ಲಿಯತನಕ ಯಾರೂ ರುಚಿ ನೋಡಕೂಡದು, ದೇವರಿಗೂ ಕಾಯುವ ಶಿಕ್ಷೆ. ಕೊನೆಗೆ ನೂರು ಗ್ರಾಂ ಹುಳಿಗೆ ಇಷ್ಟು ಪ್ರೊಟೀನ್ ಎಂದು ತೀರ್ಮಾನ. ಅಪ್ಪ ಮೇಲಿನ ತಿಳಿ ಬಡಿಸಿಕೊಂಡರು, ಮಗ ತಳ ಮುಟ್ಟಿಸಿ ಬೇಳೆ ಎತ್ತಿಕೊಂಡ. ಆ್ಯಪ್ ಇಬ್ಬರ ಖಾತೆಗೂ ಸಮಸಮ ಹಾಕಿತು.

ಮುಂಬಯಿಗೆ ಅಳೆಯದೆ ಬಡಿಸುವುದು ಹೊಸದಲ್ಲ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಬೋರ್ಡಿಂಗು 1942ರಿಂದ ಊಟ ಹಾಕುತ್ತಿದೆ. ಅಲ್ಲಿ ಈಗ ಯಾವನಾದರೂ "ಅನ್ನ 120 ಗ್ರಾಂ" ಎಂದರೆ ಬಡಿಸುವವನ ಸೌಟು ಗಾಳಿಯಲ್ಲೇ ನಿಲ್ಲುತ್ತದೆ. ಡಬ್ಬಾವಾಲಾಗಳು 1890ರಿಂದ ಡಬ್ಬ ಮುಟ್ಟಿಸುತ್ತ ಬಂದವರು, ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಯೇ ಅವರಿಗೆ ವಿಳಾಸ. ಮೊನ್ನೆ ಒಂದು ಡಬ್ಬದ ಮುಚ್ಚಳದ ಮೇಲೆ ಹೊಸ ಚೀಟಿ ನೋಡಿದೆ: ಪ್ರೊ 31, ಕಾ 44, ಕೊ 12. 4, 4, 9ರಿಂದ ಗುಣಿಸಿ ಕೂಡಿಸಿದರೆ 408 ಕ್ಯಾಲರಿ. ಹೊತ್ತವನಿಗೆ 31 ಯಾವ ಬಿಲ್ಡಿಂಗು, 44 ಯಾವ ಮಹಡಿ ಎಂಬ ಚಿಂತೆ.

ಅಷ್ಟಕ್ಕೂ ಬೇಕಾದದ್ದೆಷ್ಟು? ಅದೇ ಪೋಷಣಾ ಸಂಸ್ಥೆಯ ಶಿಫಾರಸು ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್, ಅರುವತ್ತು ಕಿಲೋದವನಿಗೆ ಐವತ್ತು ಗ್ರಾಂ. ಮೈ ಬೆಳೆಸಲು ಪ್ರೊಟೀನ್ ಪುಡಿ ಬೇಡ ಎಂದೂ 2024ರ ಆಹಾರ ಸೂಚಿಯಲ್ಲಿ ಹೇಳಿದೆ. ಜಿಮ್ಮಿನ ಗುರುಗಳು 150 ಅನ್ನುತ್ತಾರೆ, ಪುಡಿಯ ಡಬ್ಬಿಯನ್ನೂ ಅವರೇ ಮಾರುತ್ತಾರೆ. ಗುರುವಾಕ್ಯ ಮೀರುವವರುಂಟೇ? ಈಗ ಇಡ್ಲಿ ಹಿಟ್ಟಿಗೂ ಬ್ರೆಡ್ಡಿಗೂ ಕುಲ್ಫಿಗೂ ಪ್ರೊಟೀನ್ ಬಿರುದು. ಉದ್ದಿನ ಬೇಳೆಯಲ್ಲಿ ಮೊದಲಿನಿಂದಲೂ ಇದ್ದದ್ದಕ್ಕೆ ಪ್ಯಾಕೆಟ್ಟಿನ ಮೇಲೆ ಬರೆಸಿಕೊಂಡ ಮೇಲೆ ಬೆಲೆ ಬಂತು.

ಈ ವ್ಯಾಧಿ ಈಗ ನಮ್ಮ ಸಂಘಕ್ಕೂ ತಗಲಿದೆ. ಪೂಜೆಯ ಊಟದ ಸಭೆಯಲ್ಲಿ ಯುವ ವಿಭಾಗದವರು ಎಲೆಯ ಪಕ್ಕ ಮ್ಯಾಕ್ರೋ ಚೀಟಿ, ಅಂದರೆ ಪ್ರೊಟೀನ್-ಕಾರ್ಬ್-ಕೊಬ್ಬಿನ ಲೆಕ್ಕದ ಚೀಟಿ, ಇಡಬೇಕೆಂದು ಗೊತ್ತುವಳಿ ತಂದರು. ಖಜಾಂಚಿ ಸಿಎ, ಅವರಿಗೆ ಪರಮಾನಂದ. ಕೋಸಂಬರಿ ದಾಟಿತು, ಪಲ್ಯ ದಾಟಿತು, ಪಂಚಕಜ್ಜಾಯದ ಬಳಿ ಹಿರಿಯರೊಬ್ಬರು ಪ್ರಸಾದಕ್ಕೆ ಕ್ಯಾಲರಿ ಇರುವುದಿಲ್ಲವೆಂದು ವಾದ ಹೂಡಿ ಗೆದ್ದರು. ಪಾಯಸದಲ್ಲಿ ಸಭೆ ಮುಗ್ಗರಿಸಿತು. ಎಷ್ಟು ಹಾಕಿಸಿಕೊಂಡರೂ ಲೆಕ್ಕ ಮೀರುತ್ತದೆ, ಹಾಕದೆ ಬಿಟ್ಟರೆ ಸಂಘವೇ ಒಡೆಯುತ್ತದೆ. ಒಂದೂವರೆ ಗಂಟೆ ಚರ್ಚೆಯಾಗಿ, ತಲೆಗೆ ಒಂದೇ ಚಮಚ ಎಂದು ನಿರ್ಧರಿಸಿ ಕುಂದಾಪುರದ ಅಡಿಗೆಯವರನ್ನು ಕರೆಸಿದರು.

ಅವರು ಹೆಗಲ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದರು: "ಚಮ್ಚ ನನ್ ಹತ್ರ ಇಲ್ಲ ಮಾರಾಯ್ರೆ, ಸೌಟ್ ಇತ್ತ್."

ಒಂದು ಚಮಚವೆಂದರೆ ಅಡಿಗೆಯವರ ಒಂದು ಸೌಟು ಎಂದು ಸಭೆ ಸರ್ವಾನುಮತದಿಂದ ಅಂಗೀಕರಿಸಿತು. ಖಜಾಂಚಿಯವರು ಚೀಟಿಯಲ್ಲಿ ಒಂದು ಚಮಚದ ಕ್ಯಾಲರಿಯನ್ನೇ ಅಚ್ಚು ಹಾಕಿಸಿದ್ದಾರೆ.