ಯುರೋ ಕಪ್ ಆತಿಥ್ಯ: ಹಂಚಿಕೊಳ್ಳಬೇಕೇ, ಒಂದೇ ಮನೆಯಲ್ಲಿ ಹಬ್ಬವಾಗಬೇಕೇ?

2028ರ ಯುರೋ ಕಪ್ ಫುಟ್‌ಬಾಲ್ ಕಾರ್ಡಿಫ್‌ನಲ್ಲಿ ಶುರುವಾಗಿ ಲಂಡನ್ನಿನ ವೆಂಬ್ಲಿಯಲ್ಲಿ ಮುಗಿಯಲಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಐರ್ಲೆಂಡ್ ಗಣರಾಜ್ಯದಲ್ಲಿ ಪಂದ್ಯಗಳು ನಡೆಯುತ್ತವೆ. 2032ರ ಟೂರ್ನಿ ಇಟಲಿ ಮತ್ತು ಟರ್ಕಿಯ ಪಾಲಾಗಿದೆ. ಈ ಎರಡು ದೇಶಗಳ ಗಡಿಯೂ ಒಂದನ್ನೊಂದು ಮುಟ್ಟುವುದಿಲ್ಲ. ಒಂದು ಟೂರ್ನಿಯನ್ನು ಹೀಗೆ ಹಲವು ದೇಶಗಳಿಗೆ ಹರಡುವುದು ಸರಿಯೇ?

ಪರ: ದೊಡ್ಡವರ ಅಂಗಳದಲ್ಲೇ ಎಷ್ಟು ಸಲ?

2021ರ ಜೂನ್ 12, ಯುರೋ ಕಪ್. ಕೋಪನ್‌ಹೇಗನ್‌ನ ಪಾರ್ಕನ್ ಕ್ರೀಡಾಂಗಣದಲ್ಲಿ ಫಿನ್ಲೆಂಡ್ ವಿರುದ್ಧದ ಪಂದ್ಯದ ಮೊದಲಾರ್ಧ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದರು. ಹೃದಯ ನಿಂತಿತ್ತು. ಸಹ ಆಟಗಾರರು ಸುತ್ತ ನಿಂತು ಅವರನ್ನು ಕ್ಯಾಮೆರಾ ಕಣ್ಣಿನಿಂದ ಮರೆಮಾಡಿದರು. ಐದು ದಿನದ ನಂತರ ಅದೇ ಅಂಗಳದಲ್ಲಿ ಬೆಲ್ಜಿಯಂ ಎದುರಿನ ಪಂದ್ಯವನ್ನು ಹತ್ತನೇ ನಿಮಿಷದಲ್ಲಿ ನಿಲ್ಲಿಸಿ, ಹತ್ತನೇ ನಂಬರಿನ ಎರಿಕ್ಸನ್‌ಗಾಗಿ ಎರಡೂ ತಂಡದವರು, ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ಜೂನ್ 21ರಂದು ಅಲ್ಲಿಯೇ ರಷ್ಯಾವನ್ನು 4-1ರಿಂದ ಸೋಲಿಸಿ ಡೆನ್ಮಾರ್ಕ್ ಮುಂದಿನ ಘಟ್ಟಕ್ಕೆ ಹೋಯಿತು. ಆ ಒಂಬತ್ತು ದಿನ ಡೆನ್ಮಾರ್ಕ್ ತಂಡ ತನ್ನ ಜನರ ನಡುವೆ ಇತ್ತು. ಟೂರ್ನಿಯನ್ನು 11 ನಗರಗಳಿಗೆ ಹಂಚಿರದಿದ್ದರೆ ಆ ತಂಡ ಆ ದುಃಖವನ್ನು ಯಾವುದೋ ಪರದೇಶದ ಹೋಟೆಲಿನಲ್ಲಿ ಕಳೆಯಬೇಕಿತ್ತು. ಡೆನ್ಮಾರ್ಕ್‌ನಷ್ಟು ಚಿಕ್ಕ ದೇಶ ಈಗಿನ ಗಾತ್ರದ ಯುರೋ ಕಪ್ಪನ್ನು ಒಂಟಿಯಾಗಿ ನಡೆಸುವ ದಿನ ನನಗೆ ಕಾಣುತ್ತಿಲ್ಲ.

ಲೆಕ್ಕವೂ ಸರಳವಾಗಿದೆ. 2016ರಿಂದ ಯುರೋ ಕಪ್‌ನಲ್ಲಿ 24 ತಂಡ, 51 ಪಂದ್ಯ. ಫ್ರಾನ್ಸ್ 2016ರಲ್ಲೂ ಜರ್ಮನಿ 2024ರಲ್ಲೂ ತಲಾ 10 ಕ್ರೀಡಾಂಗಣ ಬಳಸಿದವು. ಅಂಥ ಹತ್ತು ಕ್ರೀಡಾಂಗಣಗಳನ್ನು ಹೊಸದಾಗಿ ಕಟ್ಟದೆ ಒದಗಿಸಬಲ್ಲ ದೇಶಗಳು ಯುರೋಪಿನಲ್ಲಿ ಬೆರಳೆಣಿಕೆಯಷ್ಟು. ಹಂಚಿಕೆ ಬೇಡವೆಂದರೆ ಆತಿಥ್ಯ ಅವರ ನಡುವೆಯೇ ಸುತ್ತುತ್ತಿರುತ್ತದೆ. ಫ್ರಾನ್ಸ್ ಈಗಾಗಲೇ ಮೂರು ಸಲ ಆತಿಥ್ಯ ವಹಿಸಿದೆ: 1960, 1984, 2016. ಆ ಮೂರನೆಯದು ಟರ್ಕಿಯ ಕೈತಪ್ಪಿದ್ದು 7-6ರಲ್ಲಿ, ಒಂದೇ ಮತದ ಅಂತರದಿಂದ. 2024ಕ್ಕೂ ಟರ್ಕಿ ಕೇಳಿತು, 12-4ರಿಂದ ಜರ್ಮನಿ ಗೆದ್ದಿತು. ಕೊನೆಗೆ ಟರ್ಕಿಗೆ ಬಾಗಿಲು ತೆರೆದದ್ದು ಇಟಲಿಯ ಜೊತೆ ಸೇರಿಕೊಂಡಾಗ.

ಒಂಟಿಯಾಗಿ ಹೊರೆ ಹೊತ್ತವರ ಕಥೆಯನ್ನೂ ನೋಡಿ. 2004ಕ್ಕೆ ಪೋರ್ಚುಗಲ್ 10 ಕ್ರೀಡಾಂಗಣ ಸಜ್ಜುಗೊಳಿಸಿತು. ಆವೈರೋದಲ್ಲಿ 30 ಸಾವಿರ ಆಸನಗಳ ಕ್ರೀಡಾಂಗಣ ಎದ್ದಿತು. ಅಲ್ಲಿ ಆಡುತ್ತಿದ್ದ ಬೈರಾ ಮಾರ್ ಕ್ಲಬ್ ಮುಂದೆ ಹಣಕಾಸಿನ ಮುಗ್ಗಟ್ಟಿನಲ್ಲಿ ಜಿಲ್ಲಾ ಮಟ್ಟದ ಲೀಗಿಗೆ ಇಳಿಯಿತು. ಲೈರಿಯಾ ನಗರಸಭೆ ತನ್ನ ಕ್ರೀಡಾಂಗಣವನ್ನು ಮಾರಾಟಕ್ಕಿಟ್ಟಿತು, ಕೊಳ್ಳುವವರು ಬರಲಿಲ್ಲ.

2012ರಲ್ಲಿ ಉಕ್ರೇನ್ ಪೋಲೆಂಡ್ ಜೊತೆ ಕೈಜೋಡಿಸಿತ್ತು. ಸ್ಪೇನ್-ಪೋರ್ಚುಗಲ್ ಸೆಮಿಫೈನಲ್ ನಡೆದದ್ದು ಡೊನೆಟ್ಸ್ಕ್‌ನ ಡಾನ್ಬಾಸ್ ಅರೆನಾದಲ್ಲಿ. ಎರಡೇ ವರ್ಷದಲ್ಲಿ ಆ ಊರಿಗೆ ಯುದ್ಧ ಬಂತು, ಕ್ರೀಡಾಂಗಣ ಜಖಂಗೊಂಡಿತು, ಶಕ್ತಾರ್ ತಂಡ ತವರು ಬಿಟ್ಟಿತು, ಇನ್ನೂ ಮರಳಿಲ್ಲ. ಡೊನೆಟ್ಸ್ಕ್ ಎಂದರೆ ಫುಟ್‌ಬಾಲ್ ಎಂದು ಯುರೋಪು ನೆನಪಿಟ್ಟುಕೊಂಡ ಒಂದು ರಾತ್ರಿಯಾದರೂ ಆ ಊರಿಗೆ ಸಿಕ್ಕಿತಲ್ಲ, ಅದು ಹಂಚಿಕೆಯಿಂದ ಸಿಕ್ಕಿದ್ದು. ದೊಡ್ಡ ದೇಶದ ಅಭಿಮಾನಿಗೆ ಇದರ ಬೆಲೆ ತಿಳಿಯುವುದು ಕಷ್ಟ.

ವಿರೋಧ: ಆತಿಥೇಯರಿಲ್ಲದ ಔತಣ

ಕೋಪನ್‌ಹೇಗನ್‌ನ ಆ ದಿನಗಳನ್ನು ನಾನೂ ಮರೆತಿಲ್ಲ. ಆದರೆ ಅದೇ ಟೂರ್ನಿಯಲ್ಲಿ ಸ್ವಿಟ್ಜರ್ಲೆಂಡ್ ತಂಡ ಪಟ್ಟ ಪಾಡನ್ನೂ ಹೇಳಬೇಕು. ಜೂನ್ 12ರಂದು ಅಜರ್‌ಬೈಜಾನ್‌ನ ಬಾಕುವಿನಲ್ಲಿ ವೇಲ್ಸ್ ಎದುರು. 16ರಂದು ರೋಮ್‌ನಲ್ಲಿ ಇಟಲಿ ಎದುರು. 20ರಂದು ಮತ್ತೆ ಬಾಕು, ಟರ್ಕಿ ಎದುರು. ರೋಮ್‌ನಿಂದ ಬಾಕುವಿಗೆ 3,000 ಕಿ.ಮೀ.ಗೂ ಹೆಚ್ಚು ದೂರ. ಆಮೇಲೆ ಬುಕಾರೆಸ್ಟ್‌ಗೆ ಹೋಗಿ ವಿಶ್ವ ಚಾಂಪಿಯನ್ ಫ್ರಾನ್ಸನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಹೊರದಬ್ಬಿತು. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹಾರಿ ಸ್ಪೇನ್ ಎದುರು ಮತ್ತೆ ಪೆನಾಲ್ಟಿಯಲ್ಲೇ ಸೋತಿತು. ಇಂಗ್ಲೆಂಡ್ ಆಡಿದ ಏಳು ಪಂದ್ಯಗಳಲ್ಲಿ ಆರು ವೆಂಬ್ಲಿಯಲ್ಲಿ. ಫೈನಲ್‌ನಲ್ಲಿ ಇಟಲಿ ಗೆದ್ದಿತು ಎಂಬ ಮಾತ್ರಕ್ಕೆ ಈ ಅನ್ಯಾಯ ಅಳಿಯುವುದಿಲ್ಲ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಅಧ್ಯಕ್ಷ ಅಲೆಕ್ಸಾಂಡರ್ ಚೆಫೆರಿನ್ ಅವರೇ ಆ ಟೂರ್ನಿ ಮುಗಿಯುವ ಮುನ್ನ, ಈ ಪದ್ಧತಿಯನ್ನು ತಾವು ಮತ್ತೆ ಬೆಂಬಲಿಸುವುದಿಲ್ಲ ಎಂದರು. ಕೆಲವು ತಂಡಗಳು 10 ಸಾವಿರ ಕಿ.ಮೀ. ಮೀರಿ ಪ್ರಯಾಣಿಸಿದರೆ ಕೆಲವು ಒಂದು ಸಾವಿರ ಮಾತ್ರ, ಇದು ಸರಿಯಲ್ಲ ಎಂಬುದು ಅವರ ಮಾತಿನ ಸಾರ. ಈ ಯೋಜನೆಯನ್ನು ತಂದವರು ಹಿಂದಿನ ಅಧ್ಯಕ್ಷ ಮಿಷೆಲ್ ಪ್ಲಾಟಿನಿ, 2012ರಲ್ಲಿ, ಟೂರ್ನಿಯ 60ನೇ ವರ್ಷದ ನೆಪದಲ್ಲಿ.

ಪ್ರಯಾಣ ಒಂದು ಭಾಗ. ನನ್ನನ್ನು ಹೆಚ್ಚು ಕಾಡುವುದು ಮನೆಯವರೇ ಇಲ್ಲದ ಔತಣ. 2021ರಲ್ಲಿ ಬಾಕುವಿನಲ್ಲಿ ಕ್ವಾರ್ಟರ್ ಫೈನಲ್ ಸೇರಿ ನಾಲ್ಕು ಪಂದ್ಯ ನಡೆದವು, ಅಜರ್‌ಬೈಜಾನ್ ತಂಡ ಟೂರ್ನಿಯಲ್ಲೇ ಇರಲಿಲ್ಲ. ಬುಕಾರೆಸ್ಟ್‌ನಲ್ಲಿ ರೊಮೇನಿಯಾ ಇರಲಿಲ್ಲ. ಆ ಊರುಗಳಿಗೆ ಪಂದ್ಯ ಬಂತು, ಟೂರ್ನಿ ಬರಲಿಲ್ಲ.

2024ರ ಜರ್ಮನಿಯನ್ನು ಇದರ ಪಕ್ಕ ಇಟ್ಟು ನೋಡಿ. ರೈಲುಗಳು ತಡವಾಗಿ ಬಂದು ಜನ ಬೈದುಕೊಂಡರು, ನಿಜ. ಆದರೂ ಮ್ಯೂನಿಕ್, ಕಲೋನ್ ಬೀದಿಗಳಲ್ಲಿ ಸ್ಕಾಟ್ಲೆಂಡಿನವರು ಬ್ಯಾಗ್‌ಪೈಪ್ ಊದಿಕೊಂಡು ತಿರುಗಿದರು, ಹ್ಯಾಂಬರ್ಗ್‌ನಲ್ಲಿ ಕಿತ್ತಳೆ ಬಣ್ಣದ ಡಚ್ ಜನಸಾಗರ ಎಡಕ್ಕೆ ಬಲಕ್ಕೆ ಜಿಗಿಯುತ್ತ ಮೆರವಣಿಗೆ ಹೊರಟಿತು. ಪಂದ್ಯದ ಟಿಕೆಟ್ ಇದ್ದವರಿಗೆ 36 ಗಂಟೆ ಸ್ಥಳೀಯ ಸಾರಿಗೆ ಉಚಿತವಿತ್ತು. ಗುಂಪು ಹಂತದ ಪಂದ್ಯಗಳನ್ನು ಹತ್ತಿರದ ಊರುಗಳಲ್ಲೇ ಜೋಡಿಸಿ ಓಡಾಟ ತಗ್ಗಿಸಿದ್ದರು. ನಡುರಾತ್ರಿ ಹನ್ನೆರಡೂವರೆಗೆ ಟಿ.ವಿ. ಮುಂದೆ ಕೂತ ನಮಗೂ ಆ ಸಡಗರ ತಲುಪಿತು. 2032ಕ್ಕೆ ಬೆಂಗಳೂರಿನಿಂದ ಹೊರಡುವ ಅಭಿಮಾನಿ ಇಟಲಿಗೆ ಷೆಂಗೆನ್ ವೀಸಾ, ಟರ್ಕಿಗೆ ಇನ್ನೊಂದು ವೀಸಾ ಮಾಡಿಸಿಕೊಳ್ಳಬೇಕು. ತನ್ನ ತಂಡ ಯಾವ ಕಡೆ ಆಡುತ್ತದೆಂದು ಡ್ರಾ ಆಗುವವರೆಗೆ ಅವನಿಗೆ ತಿಳಿಯುವುದಿಲ್ಲ.

ಚಿಕ್ಕವರ ಹೆಸರು ಹೇಳಿಕೊಂಡು ಹಂಚಿಕೆಯನ್ನು ಸಮರ್ಥಿಸುತ್ತಾರೆ. ಹಾಗಾದರೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಏನಾಯಿತು? 2028ರ ಆತಿಥ್ಯ ಗೆದ್ದಾಗ ಉತ್ತರ ಐರ್ಲೆಂಡ್ ಐದನೇ ಪಾಲುದಾರ. ಅಲ್ಲಿನ ಕೇಸ್‌ಮೆಂಟ್ ಪಾರ್ಕ್ ಕ್ರೀಡಾಂಗಣವನ್ನು ಟೂರ್ನಿಯ ಹೊತ್ತಿಗೆ ಮರುನಿರ್ಮಿಸಲು ಹಣ ಕೊಡಲಾಗದೆಂದು ಬ್ರಿಟನ್ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಕೈಚೆಲ್ಲಿತು, ಬೆಲ್‌ಫಾಸ್ಟ್ ಪಟ್ಟಿಯಿಂದ ಬಿದ್ದುಹೋಯಿತು. ಉಳಿದ ಒಂಬತ್ತು ಕ್ರೀಡಾಂಗಣಗಳಲ್ಲಿ ಆರು ಇಂಗ್ಲೆಂಡಿನವು. ಸೆಮಿಫೈನಲ್‌ಗಳೂ ಫೈನಲ್ಲೂ ವೆಂಬ್ಲಿಯಲ್ಲೇ. ಇದನ್ನು ಹಂಚಿಕೆ ಎನ್ನಲು ನನಗೆ ಬಾಯಿ ಬಾರದು.

ಪೋರ್ಚುಗಲ್ ಉದಾಹರಣೆಯನ್ನು ನಾನು ಬೇರೆಯಾಗಿ ಓದುತ್ತೇನೆ. 2004ರಲ್ಲಿ ಇದ್ದದ್ದು 16 ತಂಡ, 31 ಪಂದ್ಯ. ಅಷ್ಟೇ ಪಂದ್ಯಗಳನ್ನು ಇಂಗ್ಲೆಂಡ್ 1996ರಲ್ಲಿ ಎಂಟು ಕ್ರೀಡಾಂಗಣಗಳಲ್ಲಿ ಮುಗಿಸಿತ್ತು. ಪೋರ್ಚುಗಲ್ ಹತ್ತು ಸಜ್ಜುಗೊಳಿಸಿ ಕೆಟ್ಟಿತು. ತಪ್ಪು ಒಂಟಿ ಆತಿಥ್ಯದ್ದಲ್ಲ. ಇನ್ನೂ ಹಿಂದೆ ಹೋಗಿ: 1992ರಲ್ಲಿ ಸ್ವೀಡನ್ ಎಂಟು ತಂಡಗಳನ್ನು ಕರೆದು, ನಾಲ್ಕೇ ಕ್ರೀಡಾಂಗಣಗಳಲ್ಲಿ 15 ಪಂದ್ಯ ಆಡಿಸಿತು. ಯುದ್ಧದಿಂದಾಗಿ ಯುಗೊಸ್ಲಾವಿಯಾವನ್ನು ಹೊರಗಿಟ್ಟಾಗ ಕೊನೆಯ ಗಳಿಗೆಯಲ್ಲಿ ಬಂದ ಡೆನ್ಮಾರ್ಕ್ ಕಪ್ ಎತ್ತಿತು. ಚಿಕ್ಕ ದೇಶಗಳ ಕೈಯಿಂದ ಆತಿಥ್ಯ ಕಸಿದದ್ದು ಟೂರ್ನಿಯನ್ನು 24 ತಂಡಗಳಿಗೆ ಉಬ್ಬಿಸಿದ ನಿರ್ಧಾರ. ಮೊದಲು ಟೂರ್ನಿಯನ್ನು ಊದಿಸಿ, ಆಮೇಲೆ ಯಾರೂ ಒಬ್ಬರೇ ಹೊರಲಾರರು ಎನ್ನುವುದು ಯಾವ ನ್ಯಾಯ?

24 ತಂಡ ಇದ್ದುದರಿಂದಲೇ ಐಸ್‌ಲೆಂಡ್ 2016ರಲ್ಲಿ ಬಂದು ಇಂಗ್ಲೆಂಡನ್ನು ಸೋಲಿಸಿತು, ಜಾರ್ಜಿಯಾ 2024ರಲ್ಲಿ ಪೋರ್ಚುಗಲ್‌ಗೆ 2-0ರ ಏಟು ಕೊಟ್ಟಿತು ಎನ್ನುತ್ತಾರೆ. ಆ ಎರಡೂ ರಾತ್ರಿ ನಾನು ಕುಣಿದಿದ್ದೇನೆ. ಈ ಒಂದು ವಾದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೂ 16ಕ್ಕೆ ಮರಳುವುದೇ ಮೇಲು ಎಂಬ ಪಕ್ಷ ನನ್ನದು.

ಏಕೆಂದರೆ ಊದಿದ ಟೂರ್ನಿಯನ್ನು ಹಲವರು ಹಂಚಿಕೊಂಡಾಗ ಮನೆಯವರಿಗೇ ಜಾಗ ಖಾತ್ರಿಯಿರುವುದಿಲ್ಲ, 2028ರ ನಿಯಮ ನೋಡಿ. ಎಲ್ಲ ಆತಿಥೇಯರೂ ಅರ್ಹತಾ ಸುತ್ತು ಆಡಬೇಕು. ಅಲ್ಲಿ ಎಡವಿದವರಿಗೆಂದು ಕಾಯ್ದಿಟ್ಟ ಜಾಗ ಎರಡೇ. ಜೂನ್ 9ರಂದು ಕಾರ್ಡಿಫ್‌ನಲ್ಲಿ ಟೂರ್ನಿ ಉದ್ಘಾಟನೆಯಾಗುತ್ತದೆ. ಆ ಟೂರ್ನಿಯಲ್ಲಿ ವೇಲ್ಸ್ ಇರುತ್ತದೆ ಎಂದು ಕಾರ್ಡಿಫ್‌ನ ಜನರಿಗೆ ಯಾರೂ ಮಾತು ಕೊಟ್ಟಿಲ್ಲ.