ಟ್ರಂಪ್ ಸಹಿ: ಯಾವುದು ಬೀಳುತ್ತದೆ, ಯಾವುದು ಉಳಿಯುತ್ತದೆ

2025ರ ಜನವರಿ 20ರ ಸಂಜೆ, ಎರಡನೆಯ ಸಲ ಅಧಿಕಾರ ವಹಿಸಿಕೊಂಡ ದಿನವೇ, ವಾಷಿಂಗ್ಟನ್ನಿನ ಒಳಾಂಗಣ ಕ್ರೀಡಾಂಗಣದಲ್ಲಿ, ಕಿಕ್ಕಿರಿದ ಬೆಂಬಲಿಗರ ಎದುರು ಮೇಜು ಹಾಕಿಸಿಕೊಂಡು ಡೊನಾಲ್ಡ್ ಟ್ರಂಪ್ ಸಹಿ ಹಾಕಿದರು. ಬಳಸಿದ ಪೆನ್ನುಗಳನ್ನು ಜನರತ್ತ ಎಸೆದರು. ರಾತ್ರಿ ಮುಗಿಯುವಷ್ಟರಲ್ಲಿ 26 ಕಾರ್ಯಾದೇಶಗಳು ಹೊರಬಿದ್ದವು. ಅದರಲ್ಲಿ ಒಂದೇ ಒಂದು ಆದೇಶ ಬೈಡನ್ ಕಾಲದ 78 ಆದೇಶ, ಜ್ಞಾಪನಗಳನ್ನು ಅಳಿಸಿಹಾಕಿತು. ಅಂದಿನಿಂದ ಫೇಸ್‌ಬುಕ್ ತುಂಬ ಎರಡೇ ಮಾತು: "ಆಳೋದು ಅಂದ್ರೆ ಹೀಗೆ" ಎನ್ನುವವರು ಒಂದು ಕಡೆ, "ಅಮೆರಿಕದ ಕಥೆ ಮುಗೀತು" ಎನ್ನುವವರು ಇನ್ನೊಂದು ಕಡೆ. ಸಹಿ ಬಿದ್ದರೆ ಕೆಲಸ ಆದಂತೆಯೇ ಎಂದು ಇಬ್ಬರೂ ನಂಬಿದ್ದಾರೆ.

ಈ ಆಡಳಿತದ ಬಗ್ಗೆ ನನಗೆ ನಂಬಿಕೆಯಿಲ್ಲ. ಆದರೆ ನನ್ನ ಚಿಂತೆ ಬೇರೆ ಕಡೆಗಿದೆ. ಹೆಚ್ಚು ಸದ್ದು ಮಾಡಿದ ಆದೇಶಗಳನ್ನು ಕೋರ್ಟಿನಲ್ಲಿ ನಿಲ್ಲುವಷ್ಟು ಗಟ್ಟಿಯಾಗಿ ಬರೆದಿಲ್ಲ. ಆ ಮೊದಲ ಹತ್ತು ದಿನಗಳಲ್ಲಿ ಸದ್ದಿಲ್ಲದೆ ನಡೆದ ಕೆಲವು ಕೆಲಸಗಳನ್ನು ಮುಂದೆ ಬರುವ ಅಧ್ಯಕ್ಷರು ಬಯಸಿದರೂ ಸರಿಪಡಿಸುವುದು ಕಷ್ಟ.

ಕಾರ್ಯಾದೇಶಕ್ಕೆ ಸ್ವಂತ ಬಲವಿಲ್ಲ. ಸಂವಿಧಾನವೋ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮಾಡಿದ ಕಾನೂನೋ ಕೊಟ್ಟ ಅಧಿಕಾರವನ್ನು ಹೇಗೆ ಬಳಸಬೇಕೆಂದು ಅಧ್ಯಕ್ಷರು ತಮ್ಮ ಇಲಾಖೆಗಳಿಗೆ ಹೇಳುವ ಪತ್ರ ಅದು. 1962ರಲ್ಲಿ ಕೆನಡಿ ಹಾಕಿಕೊಟ್ಟ ಕ್ರಮದ ಪ್ರಕಾರ ಕರಡು ಮೊದಲು ಅಧ್ಯಕ್ಷರ ಬಜೆಟ್ ಕಚೇರಿಗೆ ಹೋಗಬೇಕು, ಆಮೇಲೆ ಕಾನೂನುಬದ್ಧವೇ ಎಂದು ಅಟಾರ್ನಿ ಜನರಲ್ ನೋಡಬೇಕು, ಕೊನೆಗೆ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಈ ಜರಡಿ ಸರಿಯಾಗಿ ಕೆಲಸ ಮಾಡದಿದ್ದರೆ ಏನಾಗುತ್ತದೆ ಎಂಬುದು ಟ್ರಂಪ್ ಅವರ ಮೊದಲ ಅವಧಿಯಲ್ಲೇ ಕಂಡಿತ್ತು. ಕೆಲವು ದೇಶಗಳವರ ಮೇಲಿನ 2017ರ ಪ್ರವಾಸ ನಿಷೇಧ ಸುಪ್ರೀಂ ಕೋರ್ಟಿನಲ್ಲಿ ಉಳಿದದ್ದು ಮೂರನೆಯ ರೂಪದಲ್ಲಿ, 2018ರಲ್ಲಿ, 5-4ರಿಂದ. ಜನಗಣತಿಯಲ್ಲಿ ಪೌರತ್ವದ ಪ್ರಶ್ನೆ 2019ರಲ್ಲಿ ಬಿತ್ತು. ಬಾಲ್ಯದಲ್ಲೇ ವಲಸೆ ಬಂದವರಿಗೆ ಇದ್ದ ರಕ್ಷಣೆಯನ್ನು ತೆಗೆಯುವ ಯತ್ನ 2020ರಲ್ಲಿ ಬಿತ್ತು. ಕೊಟ್ಟ ಕಾರಣ ನಂಬುವಂತಿಲ್ಲ, ಸಾಲದು ಎಂದೇ ಈ ಎರಡರಲ್ಲೂ ಕೋರ್ಟ್ ಹೇಳಿತು. ಬೈಡನ್ ಕೂಡ ಇದಕ್ಕೆ ಹೊರತಲ್ಲ. ಸುಮಾರು 40,000 ಕೋಟಿ ಡಾಲರ್ ವಿದ್ಯಾರ್ಥಿ ಸಾಲ ಮನ್ನಾವನ್ನು 2023ರಲ್ಲಿ ಕೋರ್ಟ್ 6-3ರಿಂದ ತಳ್ಳಿಹಾಕಿತು.

ಈಗ ನಮ್ಮ ಕಡೆಯ ಮನೆಗಳಲ್ಲಿ ನಿದ್ದೆ ಕೆಡಿಸಿರುವ ಆದೇಶಕ್ಕೆ ಬರೋಣ. ಜನ್ಮಸಿದ್ಧ ಪೌರತ್ವದ, ಎಂದರೆ ಅಮೆರಿಕದಲ್ಲಿ ಹುಟ್ಟಿದ್ದರಿಂದಲೇ ಸಿಗುವ ಪೌರತ್ವದ, ಆದೇಶ 14160 ಅಕ್ರಮವಾಗಿ ಬಂದವರಿಗಷ್ಟೇ ಸಂಬಂಧಿಸಿದ್ದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ತಾಯಿ ಕಾನೂನುಬದ್ಧವಾಗಿದ್ದರೂ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಅಮೆರಿಕದ ಪ್ರಜೆಯೂ ಗ್ರೀನ್ ಕಾರ್ಡ್ ಉಳ್ಳವನೂ ಆಗಿರದಿದ್ದರೆ, ಆದೇಶದ 30 ದಿನ ಕಳೆದ ಮೇಲೆ, ಎಂದರೆ ಫೆಬ್ರುವರಿ 19ರಿಂದ, ಹುಟ್ಟುವ ಮಗುವಿಗೆ ಪೌರತ್ವದ ದಾಖಲೆ ಕೊಡಬಾರದು ಎಂಬುದು ಅದರ ಎರಡನೆಯ ಭಾಗ. ಗಂಡ ಎಚ್-1ಬಿ (ಕೆಲಸದ ವೀಸಾ), ಹೆಂಡತಿ ಎಚ್-4 (ಸಂಗಾತಿಯ ವೀಸಾ), ಇಲ್ಲವೇ ಇಬ್ಬರೂ ಎಚ್-1ಬಿ, ಇಲ್ಲವೇ ಒಬ್ಬರು ಓದುತ್ತಿದ್ದು ಎಫ್-1 (ವಿದ್ಯಾರ್ಥಿ ವೀಸಾ). ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಹೋಗಿರುವ ಹೆಚ್ಚಿನ ಎಳೆಯ ದಂಪತಿಗಳು ಈ ಲೆಕ್ಕದಲ್ಲೇ ಬರುತ್ತಾರೆ. ಉದ್ಯೋಗದ ಮೂಲಕ ಸಿಗುವ ವರ್ಷದ 1,40,000 ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ, ಭಾರತೀಯರ ಇಬಿ-2, ಇಬಿ-3 ಎಂಬ ಉದ್ಯೋಗ ವರ್ಗಗಳ ಸಾಲಿನಲ್ಲಿ 2025ರ ಆರಂಭದಲ್ಲಿ 2012ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಹನ್ನೆರಡು ವರ್ಷ ತೆರಿಗೆ ಕಟ್ಟಿದವರನ್ನು ಈ ಆದೇಶ ತಾತ್ಕಾಲಿಕ ಎನ್ನುತ್ತದೆ.

ಕಾನೂನಿನಲ್ಲಿ ಇದು ಯಾಕೆ ದುರ್ಬಲ? 1868ರ 14ನೇ ತಿದ್ದುಪಡಿ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪ್ರಜೆಯೇ ಎಂದ 1898ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಅದನ್ನೇ ಮತ್ತೆ ಬರೆದಿಟ್ಟ 1952ರ ವಲಸೆ ಕಾನೂನೂ ಇದೆ. ವಾಂಗ್ ಅವರ ತಂದೆತಾಯಿ ಕಾಯಂ ನೆಲೆಸಿದ್ದರು, ವೀಸಾದವರು ಹಾಗಲ್ಲ ಎಂಬುದು ಆಡಳಿತದ ಬೆಂಬಲಿಗರ ವಾದ. ವಾದ ಮಾಡಲಿ, ಆದರೆ ಒಂದು ಸಹಿಯಿಂದ ಈ ಮೂರನ್ನೂ ದಾಟಲಾಗದು. 22 ರಾಜ್ಯಗಳು ಕೋರ್ಟಿಗೆ ಹೋದವು. ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಗ್ನೌರ್ ಜನವರಿ 23ರಂದೇ 14 ದಿನಗಳ ತಡೆ ಕೊಟ್ಟು, ಇದು ಸಂವಿಧಾನಕ್ಕೆ ನೇರ ವಿರುದ್ಧ ಎಂದರು. ಅವರನ್ನು ನೇಮಿಸಿದ್ದು ಟ್ರಂಪ್ ಅವರದೇ ಪಕ್ಷದ ಅಧ್ಯಕ್ಷ ರೇಗನ್.

ಇನ್ನು ಜಾರಿಯ ಮಾತು. ಅಲ್ಲಿ ಜನನ ಪ್ರಮಾಣಪತ್ರ ಕೊಡುವುದು ರಾಜ್ಯ. ಅದರಲ್ಲಿ ತಂದೆತಾಯಿಯ ವೀಸಾ ವಿವರವೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ತುಂಬುವ ಅರ್ಜಿಯಲ್ಲೇ ಗುರುತು ಹಾಕಿದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ನಮ್ಮ ಆಧಾರ್‌ನಂಥದ್ದು) ಅಂಚೆಯಲ್ಲಿ ಬರುತ್ತದೆ, ಜನನ ಪತ್ರ ತೋರಿಸಿದರೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶ ಜಾರಿಯಾದರೆ ವರ್ಷಕ್ಕೆ ಹುಟ್ಟುವ ಸುಮಾರು 36 ಲಕ್ಷ ಮಕ್ಕಳ ತಂದೆತಾಯಿಯ ಸ್ಥಿತಿಗತಿಯನ್ನು ಯಾರಾದರೂ ಪರಿಶೀಲಿಸಬೇಕು. ತಲೆಮಾರುಗಳಿಂದ ಅಲ್ಲೇ ಇರುವ ಪ್ರಜೆಗಳೂ ತಮ್ಮ ಪೌರತ್ವದ ಪುರಾವೆ ಹಿಡಿದು ನಿಲ್ಲಬೇಕು. ಪರಿಶೀಲಿಸುವವರು ಯಾರು, ಯಾವ ಫಾರಂ, ಯಾವ ಹಣದಲ್ಲಿ ಎಂಬ ಪ್ರಶ್ನೆಗಳಿಗೆ ಆದೇಶದಲ್ಲಿ ಉತ್ತರವಿಲ್ಲ. ಪೌರತ್ವ ಸಿಗದ ಮಗು ಯಾವ ವೀಸಾದಲ್ಲಿ ಅಲ್ಲಿರಬೇಕು ಎಂಬುದಕ್ಕೂ ಇಲ್ಲ. ಅಂಥ ಮಗುವಿನ ಜನನವನ್ನು ಭಾರತದ 1955ರ ಪೌರತ್ವ ಕಾಯ್ದೆಯಂತೆ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ನೋಂದಾಯಿಸಿ ಭಾರತದ ಪಾಸ್‌ಪೋರ್ಟ್ ಮಾಡಿಸಬೇಕಾಗುತ್ತದೆ. ಊರಿಗೆ ಬಂದು ವೀಸಾ ಹಾಕಿಸಬೇಕೆಂದರೆ ಆಗಲೂ ಚೆನ್ನೈ, ಹೈದರಾಬಾದ್‌ನಂಥ ಬೇರೆ ಊರಿಗೇ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿದ್ದರೂ ಅಲ್ಲಿ ವೀಸಾ ಕೆಲಸ ಆಗ ಶುರುವಾಗಿರಲಿಲ್ಲ.

ಫೆಬ್ರುವರಿ 19ಕ್ಕೆ ಮೊದಲು ಹೆರಿಗೆಯಾಗಲೆಂದು ಅವಧಿಗೆ ಮುನ್ನ ಸಿಸೇರಿಯನ್ ಕೇಳುವವರ ಸುದ್ದಿ ಆಗ ಬರುತ್ತಿತ್ತು. ಯಾವ ದಿನಾಂಕಕ್ಕಾಗಿಯೂ ದಯವಿಟ್ಟು ಹೀಗೆ ಮಾಡಬೇಡಿ. ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮೊದಲು ಹೆರಿಗೆ ಮಾಡಿಸಬಾರದೆಂಬುದು ಅಲ್ಲಿನ ಪ್ರಸೂತಿ ತಜ್ಞರ ಸ್ಪಷ್ಟ ಸಲಹೆ. ಎಳೆಯ ಶ್ವಾಸಕೋಶಕ್ಕೆ ಆಗುವ ತೊಂದರೆಯನ್ನು ಯಾವ ಪಾಸ್‌ಪೋರ್ಟೂ ತುಂಬಿಕೊಡುವುದಿಲ್ಲ. ಮದುವೆ ಪ್ರಮಾಣಪತ್ರ, ಐ-94 (ಅಮೆರಿಕ ಪ್ರವೇಶದ ದಾಖಲೆ), ಐ-797 (ವೀಸಾ ಅರ್ಜಿಗೆ ವಲಸೆ ಇಲಾಖೆ ಕೊಡುವ ಪತ್ರ) ಪ್ರತಿಗಳನ್ನು ಒಂದು ಕಡೆ ಜೋಡಿಸಿಟ್ಟುಕೊಳ್ಳಿ, ಅಷ್ಟು ಸಾಕು. 2025ರ ಫೆಬ್ರುವರಿ 19ಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಈ ಆದೇಶ ತಗಲುವುದಿಲ್ಲ. ಹಾಗೆಂದು ಪಾಸ್‌ಪೋರ್ಟ್ ಅರ್ಜಿಯನ್ನು ಮುಂದೂಡುತ್ತ ಕೂರಬೇಡಿ.

ಎರಡನೆಯ ಉದಾಹರಣೆ ಜನವರಿ 27ರ ರಾತ್ರಿಯದು. ಅಧ್ಯಕ್ಷರ ಬಜೆಟ್ ಕಚೇರಿ ಎರಡು ಪುಟದ ಟಿಪ್ಪಣಿ ಕಳಿಸಿ, ಮಾರನೆಯ ದಿನ ಸಂಜೆ 5 ಗಂಟೆಯಿಂದ ಕೇಂದ್ರದ ಅನುದಾನ, ಸಾಲಗಳನ್ನೆಲ್ಲ ತಡೆಹಿಡಿಯಿರಿ ಎಂದಿತು. 2024ರಲ್ಲಿ ಸರ್ಕಾರ ಖರ್ಚು ಮಾಡಿದ್ದು ಸುಮಾರು 10 ಲಕ್ಷ ಕೋಟಿ ಡಾಲರ್ ಎಂದು ಅದರಲ್ಲಿ ಬರೆದಿದೆ. ಕಾಂಗ್ರೆಸ್ಸಿನ ಬಜೆಟ್ ಕಚೇರಿಯ ಲೆಕ್ಕದಲ್ಲಿ ಆ ಮೊತ್ತ 6.75 ಲಕ್ಷ ಕೋಟಿ. ದೇಶದ ಲೆಕ್ಕ ಇಡುವ ಕಚೇರಿಯೇ ಒಟ್ಟು ಖರ್ಚನ್ನು ಹೀಗೆ ತಪ್ಪು ಬರೆದರೆ ಒಳಗಿನ ತಯಾರಿ ಎಷ್ಟಿತ್ತೆಂದು ಊಹಿಸಬಹುದು. ಮಾರನೆಯ ದಿನವೇ ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ನ ಹಣ ಪಡೆಯುವ ಪೋರ್ಟಲ್ ರಾಜ್ಯಗಳಿಗೆ ತೆರೆಯಲಿಲ್ಲ. 5 ಗಂಟೆಗೆ ಕೆಲವೇ ನಿಮಿಷಗಳಿದ್ದಾಗ ನ್ಯಾಯಾಧೀಶೆ ಲೋರೆನ್ ಅಲಿಖಾನ್ ತಡೆ ಕೊಟ್ಟರು. 29ರಂದು ಟಿಪ್ಪಣಿಯನ್ನು ಹಿಂತೆಗೆದುಕೊಂಡರು. ಆದರೆ ಹಣ ತಡೆಯುವ ನಿರ್ಧಾರ ಹಿಂದೆ ಹೋಗಿಲ್ಲ ಎಂದು ಶ್ವೇತಭವನದ ವಕ್ತಾರೆ ಅದೇ ದಿನ ಹೇಳಿದರು.

ಇದಕ್ಕೆ ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ನಿಕ್ಸನ್ ಹಣ ತಡೆಹಿಡಿದ ಗಲಾಟೆಯ ನಂತರ 1974ರಲ್ಲಿ ಬಂದ ಕಾಯ್ದೆಯಂತೆ, ಮಂಜೂರಾದ ಹಣ ಬೇಡವೆನಿಸಿದರೆ ಅಧ್ಯಕ್ಷರು ಕಾರಣ ಬರೆದು ಕಾಂಗ್ರೆಸ್ಸಿಗೆ ಕಳಿಸಬೇಕು. 45 ಅಧಿವೇಶನ ದಿನಗಳಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಹಣ ಬಿಡಲೇಬೇಕು. ಎರಡೂ ಸದನಗಳಲ್ಲಿ ಸ್ವಂತ ಪಕ್ಷದ ಬಹುಮತವಿದ್ದಾಗ ಆ ಪತ್ರ ಬರೆಯಲು ಏನು ಅಡ್ಡಿಯಿತ್ತು? ಈ ಪ್ರಶ್ನೆಗೆ ಟ್ರಂಪ್ ಬೆಂಬಲಿಗರು ಉತ್ತರಿಸಬೇಕು.

ವಿದೇಶಿ ನೆರವಿಗೆ 90 ದಿನಗಳ ತಡೆಯದೂ ಇದೇ ಕಥೆ, ಪರಿಣಾಮ ಮಾತ್ರ ಇನ್ನೂ ಕ್ರೂರ. 2003ರಲ್ಲಿ ಬುಷ್ ಶುರು ಮಾಡಿದ ಪೆಪ್‌ಫಾರ್ ಯೋಜನೆಯಿಂದ ಆಗ ಸುಮಾರು 2 ಕೋಟಿ ಜನ ಎಚ್‌ಐವಿ ಔಷಧಿ ಪಡೆಯುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಭಾರತದ ಕಂಪನಿಗಳು ಮಾಡಿದ ಮಾತ್ರೆಗಳು. ಈ ಮಾತ್ರೆ ನಡುವೆ ನಿಂತರೆ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಿಗೆ ಬಗ್ಗದ ತಳಿಯೂ ಹುಟ್ಟಬಹುದು. ಜನವರಿ 28ರಂದು ಜೀವ ಉಳಿಸುವ ನೆರವಿಗೆ ವಿನಾಯಿತಿ ಬಂತು, ಆದರೆ ಅಷ್ಟರಲ್ಲಿ ಕೆಲಸ ನಿಲ್ಲಿಸಿ ಎಂಬ ಆದೇಶ ಕ್ಲಿನಿಕ್‌ಗಳಿಗೆ ಮುಟ್ಟಿಯಾಗಿತ್ತು.

ಇಷ್ಟೂ ಸದ್ದಿನ ಭಾಗ. ಈಗ ಹೆಚ್ಚು ಜನ ಮಾತನಾಡದ ಭಾಗ.

ಜನವರಿ 24, ಶುಕ್ರವಾರ ರಾತ್ರಿ, ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳಿಗೆ ಕೆಲಸದಿಂದ ತೆಗೆದ ಇಮೇಲ್ ಹೋಯಿತು. ಒಂದೊಂದು ಇಲಾಖೆಯ ಒಳಗೇ ಕೂತು ಅದೇ ಇಲಾಖೆಯ ಲೆಕ್ಕ, ಗುತ್ತಿಗೆ, ಲಂಚದ ದೂರುಗಳನ್ನು ತನಿಖೆ ಮಾಡಿ ಕಾಂಗ್ರೆಸ್ಸಿಗೂ ವರದಿ ಕೊಡುವವರು ಇವರು. 1978ರ ಕಾನೂನಿನಿಂದ ಬಂದ ಹುದ್ದೆ. ತೆಗೆಯಬೇಕಾದರೆ 30 ದಿನ ಮೊದಲು ಕಾಂಗ್ರೆಸ್ಸಿಗೆ ಬರೆದು ತಿಳಿಸಬೇಕು, ಆಯಾ ಅಧಿಕಾರಿಗೆ ಸಂಬಂಧಿಸಿದ ನಿರ್ದಿಷ್ಟ ಕಾರಣವನ್ನೂ ಕೊಡಬೇಕೆಂದು 2022ರಲ್ಲಿ ತಿದ್ದುಪಡಿ ಆಗಿದೆ. ಅದು ನಡೆಯಲಿಲ್ಲ. ರಿಪಬ್ಲಿಕನ್ ಸೆನೆಟರ್ ಚಕ್ ಗ್ರಾಸ್ಲಿ ಅವರೇ ವಿವರಣೆ ಕೇಳಿದರು. ಕೋರ್ಟ್ ಇದು ತಪ್ಪು ಎಂದರೂ ಆಗುವ ನಷ್ಟ ಆಗಿಹೋಗಿರುತ್ತದೆ. ನಡೆಯುತ್ತಿದ್ದ ತನಿಖೆ ಕುಂಟುತ್ತದೆ, ಗುಟ್ಟಾಗಿ ಮಾಹಿತಿ ಕೊಟ್ಟ ನೌಕರ ಹೆದರಿ ಸುಮ್ಮನಾಗುತ್ತಾನೆ. ದುಂದುವೆಚ್ಚ ಹಿಡಿಯುತ್ತೇವೆಂದು ಬಂದ ಸರ್ಕಾರ, ದುಂದುವೆಚ್ಚ ಹಿಡಿಯುವುದೇ ಕೆಲಸವಾಗಿದ್ದವರನ್ನು ಮೊದಲ ವಾರದಲ್ಲೇ ಹೊರಗೆ ಹಾಕಿತು. ನನ್ನ ಅಪನಂಬಿಕೆಗೆ ಇದೊಂದೇ ಸಾಕು.

ಕ್ಷಮಾದಾನವೂ ಹಾಗೆಯೇ. 2021ರ ಜನವರಿ 6ರ ಸಂಸತ್ ದಾಳಿಯ ಸುಮಾರು 1,500 ಮಂದಿಗೆ ಕ್ಷಮೆ, 14 ಮಂದಿಗೆ ಶಿಕ್ಷೆ ಕಡಿತ. ಅಂದು ಸುಮಾರು 140 ಪೊಲೀಸರು ಗಾಯಗೊಂಡಿದ್ದರು. ಹಿಂಸೆ ಮಾಡಿದವರಿಗೆ ಕ್ಷಮೆ ಸಲ್ಲದು ಎಂದು ಉಪಾಧ್ಯಕ್ಷರಾಗಲಿದ್ದ ವ್ಯಾನ್ಸ್ ಜನವರಿ 12ರಂದು ಹೇಳಿದ್ದರು. ಎಂಟು ದಿನ ಕಳೆಯುವಷ್ಟರಲ್ಲಿ 22 ವರ್ಷ ಶಿಕ್ಷೆಯಾಗಿದ್ದವನೂ ಬಿಡುಗಡೆಯಾದ. ಬೈಡನ್ ಹೊರಡುವ ಗಳಿಗೆಯಲ್ಲಿ ತಮ್ಮ ಕುಟುಂಬದವರಿಗೆ ಕೊಟ್ಟ ಕ್ಷಮೆಯೂ ಈ ಅಧಿಕಾರದ ದುರ್ಬಳಕೆಯೇ. ಆದರೆ ಅಧಿಕಾರ ಹಸ್ತಾಂತರವನ್ನು ಬಲದಿಂದ ತಡೆಯಲು ಹೋದವರನ್ನು ಗುಂಪಾಗಿ ಬಿಡುವುದು ಅದಕ್ಕಿಂತ ಬಹಳ ದೊಡ್ಡದು, ಮತ್ತು ಇದನ್ನು ಯಾವ ಕೋರ್ಟೂ ಹಿಂತಿರುಗಿಸಲಾರದು.

ಮೂರನೆಯದು ನೌಕರಶಾಹಿ. ಕೆಲಸ ಸಿಗದೆ ಸಿಟ್ಟಿಗೆದ್ದವನೊಬ್ಬ 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡಿಟ್ಟ ಮೇಲೆ, 1883ರ ಪೆಂಡಲ್ಟನ್ ಕಾಯ್ದೆ ಅರ್ಹತೆಯ ಮೇಲೆ ನೇಮಕಾತಿ ತಂದಿತು. 2025ರ ಆರಂಭದಲ್ಲಿ ಸುಮಾರು 23 ಲಕ್ಷ ನಾಗರಿಕ ನೌಕರರಲ್ಲಿ ರಾಜಕೀಯ ನೇಮಕಾತಿಗಳು 4,000ದ ಆಸುಪಾಸು ಮಾತ್ರ ಇದ್ದವು. ನೀತಿಗೆ ಸಂಬಂಧಿಸಿದ ಸಾವಿರಾರು ಹುದ್ದೆಗಳ ಸೇವಾ ರಕ್ಷಣೆ ತೆಗೆಯುವ ಆದೇಶ ಮೊದಲ ದಿನವೇ ಬಂತು. ಜನವರಿ 28ರಂದು ಬಹುತೇಕ ಎಲ್ಲ ನೌಕರರಿಗೂ ಮೇಲ್ ಹೋಯಿತು: ಫೆಬ್ರುವರಿ 6ರೊಳಗೆ ರಾಜೀನಾಮೆ ಕೊಟ್ಟರೆ ಸೆಪ್ಟೆಂಬರ್ 30ರವರೆಗೆ ಸಂಬಳ. ಖರ್ಚು ಕಡಿತಕ್ಕೆಂದು ಟ್ರಂಪ್ ನೇಮಿಸಿದ್ದ ಉದ್ಯಮಿ ಎಲಾನ್ ಮಸ್ಕ್ 2022ರಲ್ಲಿ ಟ್ವಿಟರ್ ನೌಕರರಿಗೆ ಕಳಿಸಿದ ಮೇಲ್‌ಗೂ ಇದಕ್ಕೂ ಒಂದೇ ತಲೆಬರಹ. ಕಾಂಗ್ರೆಸ್ ಆಗ ಹಣ ಮಂಜೂರು ಮಾಡಿದ್ದು ಮಾರ್ಚ್ 14ರವರೆಗೆ ಮಾತ್ರ, ಅದಾದ ಮೇಲಿನ ಸಂಬಳಕ್ಕೆ ಯಾರ ಭರವಸೆಯಿತ್ತು? ಇಂಥ ಕರೆಗೆ ಮೊದಲು ಹೊರಡುವವರು ಹೊರಗೆ ಬೇಗ ಕೆಲಸ ಸಿಗುವ ಅನುಭವಿಗಳು. ಅವರು ಹೋದರೆ ಕೆಲಸ ಬಲ್ಲವರು ಮತ್ತೆ ತಯಾರಾಗಲು ವರ್ಷಗಳೇ ಬೇಕು.

ಉಳಿತಾಯದ ಲೆಕ್ಕವೂ ಕೂಡುವುದಿಲ್ಲ. ಮಸ್ಕ್ ಚುನಾವಣೆಯ ಹೊತ್ತಿನಲ್ಲಿ ಹೇಳಿದ ಗುರಿ 2 ಲಕ್ಷ ಕೋಟಿ ಡಾಲರ್. ಕಾಂಗ್ರೆಸ್ ವರ್ಷವರ್ಷ ಮಂಜೂರು ಮಾಡುವ ಎಲ್ಲ ಖರ್ಚು, ರಕ್ಷಣೆಯೂ ಸೇರಿ, ಸುಮಾರು 1.8 ಲಕ್ಷ ಕೋಟಿ. ಉಳಿದದ್ದರಲ್ಲಿ ಹೆಚ್ಚಿನದು ಪಿಂಚಣಿ, ವೃದ್ಧರ ಆರೋಗ್ಯ, ಬಡ್ಡಿ. ಮೊದಲೆರಡನ್ನು ಮುಟ್ಟುವುದಿಲ್ಲವೆಂದು ಟ್ರಂಪ್ ಮಾತು ಕೊಟ್ಟಿದ್ದಾರೆ, ಬಡ್ಡಿ ಕಟ್ಟದೆ ಇರಲಾಗದು.

ಹೋಲಿಕೆಗೆ ಲೇಕನ್ ರೈಲಿ ಕಾಯ್ದೆ ನೋಡಿ. ಕಳ್ಳತನದಂಥ ಆರೋಪ ಹೊತ್ತ ಅಕ್ರಮ ವಲಸಿಗರನ್ನು ಬಂಧನದಲ್ಲಿಡುವ ಈ ಕಾನೂನು ನನಗೆ ಒಪ್ಪಿಗೆಯಿಲ್ಲ. ಆದರೆ ಅದು ಎರಡೂ ಸದನಗಳಲ್ಲಿ ಮತಕ್ಕೆ ಬಂತು, ಕೆಲವು ಡೆಮಾಕ್ರಾಟರೂ ಮತ ಹಾಕಿದರು, ಜನವರಿ 29ರಂದು ಸಹಿಯಾಯಿತು. ತೆಗೆಯಬೇಕಾದರೆ ಇನ್ನೊಂದು ಕಾನೂನೇ ಬೇಕು. ದಾರಿ ಗೊತ್ತಿದ್ದೂ ಉಳಿದೆಲ್ಲದಕ್ಕೆ ಅಡ್ಡದಾರಿ ಹಿಡಿದದ್ದನ್ನು ಆತುರ ಎಂದು ನಾನು ಕರೆಯಲಾರೆ.

ಆ ದಿನಗಳ ಭಾಷಣ, ಟ್ವೀಟ್ ಬದಿಗಿಟ್ಟು ಗಮನಿಸಬೇಕಿದ್ದದ್ದು 2025ರ ಮೂರು ದಿನಾಂಕ. ಫೆಬ್ರುವರಿ 6ಕ್ಕೆ ಸಿಯಾಟಲ್ ತಡೆಯ ಅವಧಿ ಮುಗಿಯಲಿತ್ತು. ಅದು ಮುಂದುವರಿದರೆ ಫೆಬ್ರುವರಿ 19 ಸಾಮಾನ್ಯ ದಿನವಾಗಿ ಕಳೆಯಲಿತ್ತು. ಮಾರ್ಚ್ 14ಕ್ಕೆ ಸರ್ಕಾರದ ಹಣದ ಮಂಜೂರಾತಿ ಮುಗಿಯಲಿತ್ತು. ಅಂದಿನ ಮಸೂದೆಯಲ್ಲಿ ಕಾಂಗ್ರೆಸ್ ತನ್ನ ಮಂಜೂರಾತಿಗೆ ತಾನೇ ಬೆಲೆ ಕೊಡುತ್ತದೋ, ತಡೆದ ಹಣದ ಬಗ್ಗೆ ಒಂದು ಸಾಲಾದರೂ ಬರೆಯುತ್ತದೋ ನೋಡಬೇಕಿತ್ತು. ಹಾಗೆಯೇ ಇನ್‌ಸ್ಪೆಕ್ಟರ್ ಜನರಲ್‌ಗಳ ಆ 17 ಖುರ್ಚಿಗಳಲ್ಲಿ ಯಾರನ್ನು ಕೂರಿಸುತ್ತಾರೆ, ಎಷ್ಟನ್ನು ಖಾಲಿ ಬಿಡುತ್ತಾರೆ ಎಂಬುದನ್ನೂ.